ತ್ರಿವರ್ಣ ಬಳಸದೆ ಸೈನಿಕರಿಗೆ ಕೌದಿ ಹೊಲಿದ ನನ್ನ ಅನುಭವ

ನಿವೃತ್ತ ಸೈನಿಕರಿಗಾಗಿ ಕೌದಿ (ಬಟ್ಟೆಯ ತುಂಡು, ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ) ಹೊಲಿಯುತ್ತೇನೆ, ಆದರೆ ಕೇಸರಿ-ಬಿಳಿ-ಹಸಿರು ಹಾಕುವುದಿಲ್ಲ ಎಂದಾಗ ನಮ್ಮ ಗುಂಪಿನ ಹಿರಿಯರು ಕೇಳಿದ್ದು ಒಂದೇ ಮಾತು: "ಹಾಗಾದರೆ ಅದು ಸೈನಿಕನ ಕೌದಿ ಎಂದು ಯಾರಿಗೆ ತಿಳಿಯುತ್ತದೆ?" ಇಂದು ಬೆಳಗಾವಿ ಸುತ್ತಮುತ್ತ ಐವತ್ತಕ್ಕೂ ಹೆಚ್ಚು ಮನೆಗಳಲ್ಲಿ ಆ ಕೌದಿಗಳಿವೆ. ಅಂದು ಅನುಮಾನಪಟ್ಟವರೇ ಈಗ ಬಣ್ಣದ ಲೆಕ್ಕ ಕೇಳಿಕೊಂಡು ಬರುತ್ತಿದ್ದಾರೆ. ಕೌದಿ ಹೊಲಿಯುವ ಕ್ರಮವನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ತ್ರಿವರ್ಣ ಯಾಕೆ ಬೇಡ ಎಂಬುದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ. ದಿಂಬು, ಕರವಸ್ತ್ರ, ಉಡುಪಿನ ಬಟ್ಟೆಗಳ ಮೇಲೆ ರಾಷ್ಟ್ರಧ್ವಜವನ್ನು ಕಸೂತಿ ಹಾಕುವುದು, ಅಚ್ಚು ಹಾಕುವುದು 1971ರ ರಾಷ್ಟ್ರಗೌರವ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟಕ್ಕಷ್ಟೇ ಇದು ಅನ್ವಯ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಯಾವುದೇ ವಸ್ತುವಿನ ಮೇಲೆ ಮೂಡಿದ ಧ್ವಜದ ರೂಪ, ಅದರ ಒಂದು ಭಾಗ ಕೂಡ ಧ್ವಜವೇ. ಕೌದಿಯನ್ನಾದರೋ ಹಾಸುತ್ತೇವೆ, ಹೊದೆಯುತ್ತೇವೆ, ಅದರ ಮೇಲೆ ಕಾಲು ಚಾಚುತ್ತೇವೆ, ಮಗು ಒದ್ದೆ ಮಾಡುತ್ತದೆ. ಜೀವಮಾನವಿಡೀ ಆ ಧ್ವಜಕ್ಕೆ ಸೆಲ್ಯೂಟ್ ಹೊಡೆದವರ ಕಾಲ ಕೆಳಗೆ ಅದನ್ನೇ ಹಾಸುವುದೆಂದರೆ ಏನು?

ಆಗಸ್ಟ್ 15ರ ಕಾರ್ಯಕ್ರಮಕ್ಕೆಂದು ಒಬ್ಬರು ಮೂರು ಪಟ್ಟಿಯ ಕೌದಿಗಳನ್ನು ಸಗಟಾಗಿ ಕೇಳಿದ್ದರು. ಹತ್ತಿರ ಹತ್ತಿರ ಒಂದು ಲಕ್ಷದ ವ್ಯವಹಾರ. ಬೇಡವೆಂದೆ. ಮನೆಯಲ್ಲಿ ಅದಕ್ಕೆ ಮಾತಿಗೆ ಮಾತು ಬೆಳೆಯಿತು. ಚಕ್ರ ಮಾತ್ರ ಹಾಕಿದರೆ ಹೇಗೆ ಎಂದು ಬಿಳಿ ಚೌಕದ ಮೇಲೆ 24 ಅರಗಳನ್ನು ಕಡುನೀಲಿ ದಾರದಲ್ಲಿ ಎಳೆದು ನೋಡಿದೆ. ಬಹಳ ಚೆನ್ನಾಗಿ ಬಂದಿತ್ತು. ಆದರೆ 'ಒಂದು ಭಾಗ ಕೂಡ' ಎಂಬ ಮಾತು ಅಲ್ಲಿಗೂ ಬರುತ್ತದೆ. ಬಿಚ್ಚಿ ತೆಗೆದೆ.

ದಾರಿ ತೋರಿದ್ದು ಡಿಸೆಂಬರ್ 7. ಸಶಸ್ತ್ರ ಪಡೆಗಳ ಧ್ವಜ ದಿನದಂದು ದೇಣಿಗೆ ಕೊಟ್ಟವರ ಅಂಗಿಗೆ ಚುಚ್ಚುವ ಚಿಕ್ಕ ಬಾವುಟ ನೋಡಿರುತ್ತೀರಿ. 1949ರಿಂದ ಆ ದಿನ ನಡೆದುಬಂದಿದೆ. ಆ ಬಾವುಟದ ಕೆಂಪು ಭೂಸೇನೆಯದು, ಕಡುನೀಲಿ ನೌಕಾಪಡೆಯದು, ತಿಳಿನೀಲಿ ವಾಯುಪಡೆಯದು. ನನ್ನ ಕೌದಿಯ ಬಣ್ಣ ಇವೇ ಎಂದು ತೀರ್ಮಾನಿಸಿದೆ. ಆದರೆ ಬಾವುಟದಂತೆ ಪಟ್ಟಿ ಪಟ್ಟಿಯಾಗಿ ಹಾಕುವುದಿಲ್ಲ; ಗೇಣಗಲದ ಚೌಕಗಳನ್ನು ಬೆರೆಸುತ್ತೇನೆ. ಹತ್ತರಲ್ಲಿ ನಾಲ್ಕು ಪಾಲು ಕಡುನೀಲಿ, ನಾಲ್ಕು ಪಾಲು ತಿಳಿನೀಲಿ, ಕೆಂಪು ಎರಡೇ ಪಾಲು. ಕೆಂಪು ಅದಕ್ಕಿಂತ ಹೆಚ್ಚಾದರೆ ಕಣ್ಣಿಗೆ ಹೊಡೆಯುತ್ತದೆ. ಕೆಂಪು ಚೌಕಗಳನ್ನು ಯಾವ ಸಾಲಿನಲ್ಲಿ ಕೂರಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ನನ್ನನ್ನು ಗೋಳು ಹೊಯ್ದುಕೊಂಡದ್ದೂ ಆ ಕೆಂಪೇ. ಪೇಟೆಯ ಅಂಗಡಿಯವರು 'ಬಣ್ಣ ಗಟ್ಟಿ, ಬಿಡುವುದೇ ಇಲ್ಲ' ಎಂದು ಆಣೆ ಮಾಡಿ ಕೊಟ್ಟ ಬಟ್ಟೆ ಮೊದಲ ಒಗೆತದಲ್ಲೇ ತಿಳಿನೀಲಿಯನ್ನೆಲ್ಲ ನೇರಳೆ ಮಾಡಿತು. ಒಂದಲ್ಲ, ಮೂರು ನಾಲ್ಕು ಕೌದಿ ಹಾಗೆ ಹಾಳಾದವು. ಎರಡು ತಿಂಗಳ ಕೈಕೆಲಸ, ಐದಾರು ಸಾವಿರ ರೂಪಾಯಿ ಹೋಯಿತು. ಉಪ್ಪು, ಪಟಿಕ, ವಿನೆಗರ್, ಯಾರು ಏನು ಹೇಳಿದರೂ ಮಾಡಿದೆ. ಈಗಾಗಲೇ ಬಿಡುವ ಬಣ್ಣವನ್ನು ಅವು ಯಾವುವೂ ಹಿಡಿದು ನಿಲ್ಲಿಸಲಿಲ್ಲ. ಈಗ ಕೆಂಪನ್ನು ಕತ್ತರಿಸುವ ಮುಂಚೆ ಇಡಿಯಾಗಿ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ, ನೀರು ತಿಳಿಯಾಗುವ ತನಕ ಒಗೆಯುತ್ತೇನೆ. ಆಮೇಲೆ ಒದ್ದೆ ಬಿಳಿ ಬಟ್ಟೆಯ ತುಂಡನ್ನು ಅದರೊಳಗೆ ಸುತ್ತಿ, ಮೇಲೆ ಒರಳುಕಲ್ಲಿನ ಗುಂಡು ಇಟ್ಟು ಬೆಳಗಿನವರೆಗೆ ಬಿಡುತ್ತೇನೆ. ಬಿಳಿ ತುಂಡಿಗೆ ಗುಲಾಬಿ ಛಾಯೆ ತಾಗಿದ್ದರೂ ಆ ಬಟ್ಟೆ ಕೌದಿಗೆ ಬರುವುದಿಲ್ಲ. ಈಚೆಗೆ ಒಂದೂ ಕೆಟ್ಟಿಲ್ಲ.

ಹಳೆಯ ಸಮವಸ್ತ್ರ ಸೇರಿಸಿ ಎನ್ನುವವರಿದ್ದಾರೆ. ಆಲಿವ್ ಹಸಿರಿನ ದಪ್ಪ ಬಟ್ಟೆಯಲ್ಲಿ ಜೋಡುಹೊಲಿಗೆ ಬಂದ ಕಡೆ ಸೂಜಿ ಮುರಿಯುತ್ತದೆ. ಆದ್ದರಿಂದ ಬೆನ್ನಿನ ಭಾಗವನ್ನಷ್ಟೇ ಬಳಸುತ್ತೇನೆ. ಬಿಲ್ಲೆ, ಪಟ್ಟಿ, ಗುಂಡಿ ಎಲ್ಲವನ್ನೂ ಬಿಚ್ಚಿ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ವಾಪಸು ಕೊಡುತ್ತೇನೆ. ಪದಕದ ರಿಬ್ಬನ್ನಿನ ಬಣ್ಣ ಕೇಳಿದರೆ ಒಪ್ಪುವುದಿಲ್ಲ. ವೀರಚಕ್ರದ ಕಡುನೀಲಿ-ಕೇಸರಿ ಅದನ್ನು ಗಳಿಸಿದವರ ಎದೆಯ ಮೇಲೆ ಇರಬೇಕಾದದ್ದು.

ತೂಕದ ಮಾತು ಹೇಳಲೇಬೇಕು. ಐದು ಪದರ ಸೀರೆ ಹಾಕಿದ ಕೌದಿ ಎಪ್ಪತ್ತು ದಾಟಿದವರಿಗೆ ಮಗ್ಗುಲಾಗಲೂ ಬಿಡುವುದಿಲ್ಲ. ಈಗ ಎರಡು ಪದರ ಸೀರೆ, ಕೆಳಗೆ ಮಾಂಜರಪಾಟ್ ಎಂಬ ಒರಟು ಹತ್ತಿ ಬಟ್ಟೆ. ಬೆಳಗಾವಿಯ ಚಳಿಗೆ ಅಷ್ಟು ಸಾಕು.

2022ರಲ್ಲಿ ಮನೆಮನೆಗೂ ಬಾವುಟ ಏರಿದ ಆಗಸ್ಟ್ ಕಳೆದ ಮೇಲೆ ಕೆಲವರು ಪಾಲಿಯೆಸ್ಟರ್ ಬಾವುಟಗಳನ್ನು ಚೀಲದಲ್ಲಿ ತುಂಬಿ ತಂದರು. 'ಒಳಪದರಕ್ಕೆ ಹಾಕಿ, ಹೊರಗೆ ಕಾಣುವುದಿಲ್ಲ' ಎಂದರು. ಕಾಣಲಿ ಬಿಡಲಿ, ಆಗದು. ಹರಿದ ಧ್ವಜವನ್ನು ತುಂಡು ಮಾಡದೆ ಇಡಿಯಾಗಿ, ಖಾಸಗಿಯಾಗಿ, ಗೌರವದಿಂದ, ಆದಷ್ಟು ಸುಟ್ಟೇ ನಾಶ ಮಾಡಬೇಕೆಂದು ಧ್ವಜಸಂಹಿತೆಯಲ್ಲಿದೆ. ಹಾಗೆಂದು ಹೇಳಿ, ಚೆನ್ನಾಗಿದ್ದವನ್ನು ಮಡಚಿ ಅವರಿಗೇ ಮರಳಿಸಿದೆ.

ಇದಕ್ಕಿಂತ ಕಷ್ಟವಾದದ್ದು ಒಬ್ಬ ತಾಯಿಯ ಬೇಡಿಕೆ. ಗಂಡನ ಶವಪೆಟ್ಟಿಗೆಯ ಮೇಲೆ ಹೊದಿಸಿ ಬಂದ ಧ್ವಜವನ್ನು ತಂದು, "ಇದನ್ನು ಕೌದಿಯ ನಡುವೆ ಹೊಲಿದುಕೊಡು ತಂಗಿ, ಹೊದ್ದುಕೊಳ್ಳುತ್ತೇನೆ" ಎಂದರು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇಬ್ಬರೂ ಕೂತು ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿದೆವು. ಎರಡೂ ಬದಿಯನ್ನು ಒಳಕ್ಕೆ ತಂದಾಗ ಚಕ್ರ ಮೇಲೆ ಬಂದಿತು. ಅದಕ್ಕೊಂದು ಬಿಳಿ ಖಾದಿಯ ಚೀಲ ಹೊಲಿದುಕೊಟ್ಟೆ, ಅವರು ಟ್ರಂಕಿನಲ್ಲಿ ಮೇಲುಗಡೆ ಇಟ್ಟುಕೊಂಡರು. ಕೌದಿಗೆ ಅವರ ಇಳಕಲ್ ಸೀರೆ, ಯಜಮಾನರ ಲುಂಗಿ, ಅಂಗಿಗಳನ್ನು ಹಾಕಿದೆ. "ಇದರಲ್ಲಿ ಅವರ ಮೈಯ ವಾಸನೆ ಇದೆ" ಎಂದರು.

ಹಿರಿಯರ ಅನುಮಾನಕ್ಕೆ ಉತ್ತರ ಕೊಟ್ಟವರು ಒಬ್ಬ ನಿವೃತ್ತ ಸುಬೇದಾರರು, ಮರಾಠಾ ಲಘು ಪದಾತಿದಳದವರು. ಕೌದಿ ಬಿಚ್ಚಿ ಹಾಸಿದ ಕೂಡಲೇ, ನಾನು ಬಾಯಿ ತೆರೆಯುವ ಮುಂಚೆ, ಒಂದೊಂದು ಬಣ್ಣದ ಮೇಲೂ ಬೆರಳಿಟ್ಟು "ಸೇನೆ, ನೌಕಾಪಡೆ, ವಾಯುಪಡೆ" ಎಂದರು. ನಮ್ಮ ಗುಂಪಿನ ಹಿರಿಯಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ಖರ್ಚು: ಕೆಂಪು, ನೀಲಿ ಹೊಸ ಬಟ್ಟೆ, ಅಡಿಬಟ್ಟೆ, ದಾರ ಸೇರಿ ಒಂದಕ್ಕೆ ಸುಮಾರು ಏಳುನೂರು, ಹೊಲಿಯುವ ಹೆಂಗಸರಿಗೆ ಸಾವಿರದ ಇನ್ನೂರರ ಆಸುಪಾಸು. ಸೈನಿಕರಿಂದ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಬೇರೆ ಕೌದಿಗಳನ್ನು ಮೂರೂವರೆ ಸಾವಿರಕ್ಕೆ ಮಾರಿ ಸರಿದೂಗಿಸುತ್ತೇನೆ. ಡಿಸೆಂಬರಿಗೆ ಕೊಡಬೇಕೆಂದಿರುವವರು ಕೆಂಪು ಬಟ್ಟೆಯನ್ನು ಬೇಸಿಗೆಯಲ್ಲೇ ತೊಳೆದು ಒಣಗಿಸಿಟ್ಟುಕೊಳ್ಳಿ. ಮಳೆ ಹಿಡಿದರೆ ಇಲ್ಲಿ ವಾರವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹತ್ತುತ್ತದೆ.