ಗೇಟಿನ ಪಕ್ಕದ ಪಾರ್ಸೆಲ್ ಪೆಟ್ಟಿಗೆ: ಎರಡು ಮಳೆಗಾಲಗಳ ಅನುಭವ

ಉಡುಪಿ ಪೇಟೆಯಲ್ಲಿ ಇನ್ವರ್ಟರ್ ಮತ್ತು ಯುಪಿಎಸ್ ರಿಪೇರಿಯ ಸಣ್ಣ ಅಂಗಡಿ ನಡೆಸುವ ನನಗೆ, ಮನೆಗೆ ಬರುವ ಪಾರ್ಸೆಲ್‌ಗಳಿಗಾಗಿ ಕೋಡ್ ಒತ್ತಿದರೆ ತೆರೆಯುವ ಪೆಟ್ಟಿಗೆಯೊಂದನ್ನು ಸ್ವತಃ ಮಾಡಿಕೊಳ್ಳುವುದು ಒಂದೆರಡು ಭಾನುವಾರಗಳ ಕೆಲಸವೆಂದು ತೋರಿತ್ತು. ಅದು ಹೇಳಿದ ಹಾಗೆ ಕೇಳುವಷ್ಟರಲ್ಲಿ ಎರಡು ಮಳೆಗಾಲಗಳು ಕಳೆದಿದ್ದವು. ಬೀಗ, ಸರ್ಕ್ಯೂಟು, ಪ್ರೋಗ್ರಾಂ ಇವುಗಳಲ್ಲಿ ನಾನು ಹೆಚ್ಚೇನೂ ಎಡವಲಿಲ್ಲ. ನೀರು, ಉಪ್ಪುಗಾಳಿ ಮತ್ತು ಬೈಕಿನಿಂದ ಇಳಿಯಲು ಪುರುಸೊತ್ತಿಲ್ಲದ ಹುಡುಗರು, ಈ ಮೂರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಮ್ಮ ಮನೆ ಇರುವುದು ಕೊಡವೂರಿನ ಕಡೆ, ಮಲ್ಪೆಯ ಕಡಲಿನಿಂದ ಎರಡು ಕಿಲೋಮೀಟರಿನೊಳಗೆ. ಗೇಟಿನಿಂದ ಸಿಟೌಟಿಗೆ ಸುಮಾರು ಇಪ್ಪತ್ತು ಮೀಟರ್ ದೂರ. ಹಗಲು ಮನೆಯಲ್ಲಿರುವವರು ಎಪ್ಪತ್ತನಾಲ್ಕು ವರ್ಷದ ನನ್ನ ಅಮ್ಮ ಒಬ್ಬರೇ; ಮಂಡಿನೋವಿನ ಅವರು ಎದ್ದು, ಚಪ್ಪಲಿ ಮೆಟ್ಟಿ, ಕೊಡೆ ಬಿಡಿಸಿ ಗೇಟಿನವರೆಗೆ ಬರುವಷ್ಟರಲ್ಲಿ ಬೈಕು ತಿರುವು ದಾಟಿರುತ್ತಿತ್ತು. ಒಂದು ಜುಲೈ ತಿಂಗಳಲ್ಲಿ ಅವರಿಗೆಂದೇ ತರಿಸಿದ ರಕ್ತದೊತ್ತಡ ಅಳೆಯುವ ಯಂತ್ರ ತಲುಪಿತೆಂಬ ಸಂದೇಶ ಮಧ್ಯಾಹ್ನ ನನ್ನ ಫೋನಿಗೆ ಬಂತು. ಜೊತೆಯಲ್ಲಿ ಗೇಟಿನ ಕಂಬದ ಮೇಲೆ ಕುಳಿತ ಪೆಟ್ಟಿಗೆಯ ಫೋಟೋ ಕೂಡ ಇತ್ತು. ಸಂಜೆ ನಾನು ಮನೆಗೆ ಬಂದಾಗ ಕಂಬದ ಮೇಲೆ ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅದು ಕಂಪೌಂಡಿನ ಹೊರಗಿನ ತೋಡಿನಲ್ಲಿ, ಕೆಸುವಿನ ಗಿಡಗಳಿಗೆ ಸಿಕ್ಕಿಕೊಂಡು ತೇಲುತ್ತಿತ್ತು.

ಪೆಟ್ಟಿಗೆಯ ಅಳತೆಯನ್ನು ಅಂದಾಜಿನಿಂದ ನಿರ್ಧರಿಸದೆ, ಮೂರು ತಿಂಗಳ ಕಾಲ ಮನೆಗೆ ಬಂದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಅಟ್ಟದಲ್ಲಿ ಕೂಡಿಟ್ಟು ಅಳೆದೆನು. 45 ಸೆಂಟಿಮೀಟರ್ ಅಗಲ, 40 ಆಳ, 60 ಎತ್ತರದ ಪೆಟ್ಟಿಗೆಯೊಳಗೆ, ಒಂದು ಟೇಬಲ್ ಫ್ಯಾನು ಮತ್ತು ಒಂದು ಗ್ರೈಂಡರನ್ನು ಬಿಟ್ಟು ಉಳಿದದ್ದೆಲ್ಲ ಹಿಡಿಸುತ್ತಿತ್ತು. ಗೇಟಿನ ಪಕ್ಕದ ಕೆಂಪುಕಲ್ಲಿನ ಗೋಡೆಯಲ್ಲಿ ಮೇಸ್ತ್ರಿಯಿಂದ ಕೆಲವು ಕಲ್ಲುಗಳನ್ನು ಎಬ್ಬಿಸಿ ಪೆಟ್ಟಿಗೆಯನ್ನು ಕೂರಿಸಿದೆವು. ರಸ್ತೆಯ ಕಡೆಗೆ ಕೋಡಿನಿಂದ ತೆರೆಯುವ ಬಾಗಿಲು, ಅಂಗಳದ ಕಡೆಗೆ ಸಾದಾ ಬೀಗದ ಕೈಯಿಂದ ತೆರೆಯುವ ಇನ್ನೊಂದು ಬಾಗಿಲು. ಎರಡು ಬಾಗಿಲುಗಳ ಈ ಏರ್ಪಾಡು ಮಾತ್ರ ಮೊದಲ ದಿನದಿಂದ ಇಂದಿನವರೆಗೆ ಬದಲಾಗದೆ ಉಳಿದಿದೆ. ಎಲೆಕ್ಟ್ರಾನಿಕ್ಸ್ ಕೈಕೊಟ್ಟಾಗಲೂ ಒಳಗಿರುವ ವಸ್ತು ನಮ್ಮ ಕೈಗೆ ಸಿಗುತ್ತದೆ. ಅಮ್ಮನಿಗೆ ಯಾವ ಗುಂಡಿಯನ್ನೂ ಒತ್ತುವ ಕಷ್ಟವಿಲ್ಲ.

ಮೊದಲ ಪೆಟ್ಟಿಗೆಯನ್ನು ಜಿ.ಐ. ಶೀಟಿನಲ್ಲಿ ವೆಲ್ಡಿಂಗ್ ಮಾಡಿಸಿ, ಮೇಲೆ ಪೌಡರ್ ಕೋಟಿಂಗ್ ಕೊಡಿಸಿದ್ದೆ. ಶೀಟನ್ನು ತುಕ್ಕಿನಿಂದ ಕಾಯುವುದು ಅದರ ಮೇಲಿನ ಸತುವಿನ ಪದರ. ಆದರೆ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗುವುದರಿಂದ, ಕಬ್ಬಿಣವನ್ನು ಕರಗಿಸುವಷ್ಟು ಶಾಖದ ವೆಲ್ಡಿಂಗ್ ನಡೆದ ಜಾಗದಲ್ಲಿ ಆ ಪದರ ಉಳಿಯುವುದಿಲ್ಲ. ಹೊರಗಿನಿಂದ ನುಣುಪಾಗಿ ಕಾಣುತ್ತಿದ್ದ ಬಣ್ಣದ ಕೆಳಗೆ ಬೆಸುಗೆಯ ಗೆರೆಯುದ್ದಕ್ಕೂ ತುಕ್ಕು ಹರಿದು, ನವರಾತ್ರಿಯ ಹೊತ್ತಿಗೆ ಬಣ್ಣವು ಹಪ್ಪಳದಂತೆ ಎದ್ದು ಬಂತು. ಬಾಗಿಲನ್ನು ಪಶ್ಚಿಮಕ್ಕೆ ಮುಖಮಾಡಿ ಇಟ್ಟದ್ದು ಇನ್ನೊಂದು ತಪ್ಪು. ಮಳೆಗಾಲವಿಡೀ ಗಾಳಿ ಬೀಸುವುದು ನೈಋತ್ಯದಿಂದ; ನಮ್ಮಲ್ಲಿ ಮಳೆ ಮೇಲಿನಿಂದ ಸುರಿಯುವುದಕ್ಕಿಂತ ಅಡ್ಡಲಾಗಿ ಎರಚುವುದೇ ಹೆಚ್ಚು. ಬಾಗಿಲಿನ ಸುತ್ತ ರಬ್ಬರ್ ಗ್ಯಾಸ್ಕೆಟ್ ಇದ್ದರೂ ಕೆಳಗಿನ ಅಂಚಿನಿಂದ ನೀರು ಒಳಗೆ ಇಳಿಯುತ್ತಿತ್ತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಒಳಗಿನ ಸರ್ಕ್ಯೂಟು ಸರಳವಾಗಿತ್ತು: ಪ್ರೋಗ್ರಾಂ ನಡೆಸುವ, ವೈಫೈ ಇರುವ, ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು, ಒಂದು ಕೀಪ್ಯಾಡು, ಕರೆಂಟು ಹರಿದಾಗ ಕಾಯಿಲ್ ತನ್ನ ನಾಲಿಗೆಯನ್ನು ಹಿಂದಕ್ಕೆಳೆದು ತೆರೆಯುವ 12 ವೋಲ್ಟಿನ ಸೊಲೆನಾಯ್ಡ್ ಬೀಗ, ಬಾಗಿಲು ಮುಚ್ಚಿದೆಯೇ ಎಂದು ತಿಳಿಸುವ ಮ್ಯಾಗ್ನೆಟ್ ಸ್ವಿಚ್ಚು. ಅಂಗಡಿಯ ಮೇಜಿನ ಮೇಲೆ ವಾರಗಟ್ಟಲೆ ತೊಡಕಿಲ್ಲದೆ ನಡೆದ ಈ ಏರ್ಪಾಡು ಗೋಡೆಯೊಳಗೆ ಕುಳಿತ ತಕ್ಷಣ ಮೂಕವಾಯಿತು. ಲೋಹದ ಪೆಟ್ಟಿಗೆಯೊಳಗಿಂದ ವೈಫೈ ಹೊರಗೆ ಹೋಗುವುದಿಲ್ಲವೆಂಬುದನ್ನು ತಿಳಿದೂ ಮರೆತಿದ್ದೆ. ಆಂಟೆನಾವನ್ನು ಹೊರತೆಗೆಯಲು ಒಂದು ತೂತು ಕೊರೆಯಬೇಕಾಯಿತು, ಆ ತೂತಿನಿಂದಲೂ ನೀರು ಬಂತು. ಬೆರಳು ತಾಗಿದರೆ ಸಾಕೆನ್ನುವ ಟಚ್ ಕೀಪ್ಯಾಡು ನೋಡಲು ಚೆಂದವಿತ್ತು, ಆದರೆ ಮಳೆಹನಿ ಬಿದ್ದರೂ ಅದು ಬೆರಳೆಂದೇ ತಿಳಿದು, ರಾತ್ರಿಯಿಡೀ ತನಗೆ ತಾನೇ ತಪ್ಪು ಕೋಡ್ ಒತ್ತಿಕೊಂಡು ಕೀಂ ಕೀಂ ಎನ್ನುತ್ತಿತ್ತು. ಈಗ ಇರುವುದು ಒತ್ತಿದರೆ ಟಕ್ಕೆನ್ನುವ ಲೋಹದ ಗುಂಡಿಗಳ ಕೀಪ್ಯಾಡು. ಎಲ್ಲ ಕಡೆಯಿಂದ ಚಿಮ್ಮುವ ನೀರನ್ನು ತಡೆಯುವ ಐಪಿ65 ದರ್ಜೆಯದು, ಮೇಲೊಂದು ಪುಟ್ಟ ಮಾಡು ಸಹಿತ.

ಸೊಲೆನಾಯ್ಡ್ ಬೀಗದ ದೋಷ ತಿಳಿದದ್ದು ಒಂದು ದಿನ ನಾನು ಮನೆಯಲ್ಲೇ ಇದ್ದಾಗ. ಮೊದಲು ಬಂದವನು ತುಂಬಿದ ಬೇಳೆಚೀಲದಂತಿದ್ದ ಪಾರ್ಸೆಲನ್ನು ಒಳಗೆ ತುರುಕಿ, ಬಾಗಿಲನ್ನು ಭುಜದಿಂದ ಒತ್ತಿ ಮುಚ್ಚಿ ಹೋಗಿದ್ದ. ಎರಡನೆಯವನು ಬಂದು ಕೋಡ್ ಒತ್ತಿದಾಗ ಒಳಗೆ ಟಕ್ ಎಂಬ ಸದ್ದು ಕೇಳಿಸಿತೇ ವಿನಾ ಬಾಗಿಲು ತೆರೆಯಲಿಲ್ಲ. ಒಳಗಿನ ಪಾರ್ಸೆಲ್ ಬಾಗಿಲನ್ನು ಹೊರಕ್ಕೆ ದೂಡುತ್ತಿದ್ದುದರಿಂದ ಬೀಗದ ನಾಲಿಗೆ ಬಿಗಿಯಾಗಿ ಸಿಕ್ಕಿಕೊಂಡಿತ್ತು, ಅದನ್ನು ಹಿಂದಕ್ಕೆಳೆಯುವ ಬಲ ಆ ಸಣ್ಣ ಕಾಯಿಲ್‌ಗೆ ಇರಲಿಲ್ಲ. ಹೆಲ್ಮೆಟ್ ತೆಗೆಯದೆ, ಫೋನನ್ನು ಪ್ಲಾಸ್ಟಿಕ್ ಕವರಿನೊಳಗೇ ಹಿಡಿದು, ಮೂರು ಸಲ ಒತ್ತಿ ನೋಡಿದ ಆ ಹುಡುಗ ತನ್ನ ಪಾರ್ಸೆಲನ್ನು ಪೆಟ್ಟಿಗೆಯ ಮೇಲೆ ಮಳೆಯಲ್ಲೇ ಇಟ್ಟು ಹೊರಟುಹೋದ. ಅವನನ್ನು ದೂರುವ ಹಾಗಿರಲಿಲ್ಲ. ಆಮೇಲೆ ಕಚೇರಿಗಳ ಲಾಕರಿನಲ್ಲಿ ಬಳಸುವ, ಕೊಕ್ಕೆ ತಿರುಗಿ ಬಾಗಿಲನ್ನು ತಾನೇ ಹೊರಕ್ಕೆ ಚಿಮ್ಮಿಸುವ ಬಗೆಯ ಬೀಗವನ್ನು ಹಾಕಿದೆ. ಒಳಗಿನ ಒತ್ತಡ ಇದಕ್ಕೆ ಅಡ್ಡಿಯಾಗುವ ಬದಲು ನೆರವಾಗುತ್ತದೆ.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಕರೆಂಟಿನದ್ದು. ಮನೆಯ ಇನ್ವರ್ಟರಿನ ಬ್ಯಾಟರಿಯಿಂದಲೇ ಗೇಟಿನವರೆಗೆ 12 ವೋಲ್ಟಿನ ವಯರು ಎಳೆದಿದ್ದೆ. ಗಿರಾಕಿಗಳಿಗೆ ದಿನವೂ ಸಿಡಿಲಿನ ಬಗ್ಗೆ ಬುದ್ಧಿ ಹೇಳುವ ನಾನು, ಅಂಗಳದುದ್ದಕ್ಕೂ ಮಲಗಿದ ಇಪ್ಪತ್ತು ಮೀಟರ್ ವಯರು ಸಿಡಿಲಿನ ಕಾಲದಲ್ಲಿ ಏನಾಗಬಹುದೆಂದು ಯೋಚಿಸಲೇ ಇಲ್ಲ. ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ನಮ್ಮ ಕರಾವಳಿಯ ಸಂಜೆಗಳು ಹೇಗಿರುತ್ತವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂತಹ ಒಂದು ಸಂಜೆ ಹತ್ತಿರದ ತೆಂಗಿನ ಮರವೊಂದಕ್ಕೆ ಸಿಡಿಲು ಬಡಿಯಿತು. ಬೋರ್ಡು, ಕೀಪ್ಯಾಡು ಎರಡೂ ಒಟ್ಟಿಗೇ ಸತ್ತವು. ಬೋರ್ಡಿನ ರೆಗ್ಯುಲೇಟರಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಕುಳಿ ಬಿದ್ದಿತ್ತು.

ಅಂದಿನಿಂದ ಪೆಟ್ಟಿಗೆಗೂ ಮನೆಗೂ ವಯರಿನ ಸಂಬಂಧವಿಲ್ಲ. ಸೋಲಾರ್ ಫಲಕದ ಆಲೋಚನೆಯನ್ನೂ ಬಿಟ್ಟೆ. ಕರೆಂಟಿನ ಅಗತ್ಯ ಹೆಚ್ಚಾಗಿರುವ ಜೂನ್, ಜುಲೈ ತಿಂಗಳುಗಳಲ್ಲೇ ಬಿಸಿಲಿರುವುದಿಲ್ಲ. ಬದಲಿಗೆ ಸಣ್ಣ ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯನ್ನು ಒಳಗಿಟ್ಟು, ಬೋರ್ಡನ್ನು ಸದಾ ನಿದ್ರೆಯಲ್ಲಿರಿಸಿದೆ. ಇಎಸ್‌ಪಿ32 ಚಿಪ್ಪು ಗಾಢ ನಿದ್ರೆಯಲ್ಲಿ ಸುಮಾರು ಹತ್ತು ಮೈಕ್ರೋ ಆಂಪಿಯರ್ ಮಾತ್ರ ಬಳಸುತ್ತದೆ, ಆದರೆ ಅದನ್ನು ಹೊತ್ತಿರುವ ಬೋರ್ಡಿನ ದೀಪ, ರೆಗ್ಯುಲೇಟರು, ಯುಎಸ್‌ಬಿ ಚಿಪ್ಪು ಇವೆಲ್ಲ ಸೇರಿ ಅದರ ನೂರಾರು ಪಟ್ಟು ನುಂಗುತ್ತವೆ. ಅನಾವಶ್ಯಕವಾದುದನ್ನೆಲ್ಲ ಬೆಸುಗೆ ಬಿಡಿಸಿ ತೆಗೆದ ಮೇಲೆ ಒಟ್ಟು ಬಳಕೆ ಒಂದು ಮಿಲಿ ಆಂಪಿಯರಿಗೆ ಇಳಿಯಿತು. ಲೆಕ್ಕದ ಪ್ರಕಾರ ಬ್ಯಾಟರಿ ಒಂಬತ್ತು ತಿಂಗಳು ಬರಬೇಕು. ನಾನು ಮೂರು ತಿಂಗಳಿಗೊಮ್ಮೆ ಅಂಗಡಿಗೆ ಒಯ್ದು ಚಾರ್ಜ್ ಮಾಡಿ ತರುತ್ತೇನೆ. ಯಾರಾದರೂ ಗುಂಡಿ ಒತ್ತಿದಾಗ ಬೋರ್ಡು ಎಚ್ಚರಗೊಂಡು ಕೋಡ್ ಪರೀಕ್ಷಿಸುತ್ತದೆ. ಬಾಗಿಲು ಮುಚ್ಚಿದ ನಂತರ ವೈಫೈ ಹಿಡಿದು ನನಗೊಂದು ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ವೈಫೈ ಇಲ್ಲದಿದ್ದರೆ ಸಂದೇಶ ಬರುವುದಿಲ್ಲ, ಆದರೆ ಬಾಗಿಲು ತೆರೆಯುವುದು ನಿಲ್ಲುವುದಿಲ್ಲ. ಪೇಟೆಯಲ್ಲಿ ಸಿಗುವ ಇಂತಹ ಪೆಟ್ಟಿಗೆಯನ್ನು ಕೊಳ್ಳುವವರು ಇಂಟರ್ನೆಟ್ ಇಲ್ಲದಾಗ ಅದು ಹೇಗೆ ವರ್ತಿಸುತ್ತದೆಂದು ಮೊದಲು ಕೇಳಬೇಕು.

ಎರಡನೆಯ ಪೆಟ್ಟಿಗೆಯನ್ನು ಸ್ಟೀಲಿನಲ್ಲಿ ಮಾಡಿಸುವ ಯೋಚನೆಯಿತ್ತು. ಅಡುಗೆಮನೆಯ ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೀಲಿಗೂ ಕಡಲಗಾಳಿಯ ಉಪ್ಪಿನಿಂದ ಕಂದು ಕಲೆ ಬರುತ್ತದೆ. ಮಾಲಿಬ್ಡಿನಮ್ ಬೆರೆತ 316 ದರ್ಜೆ ತಡೆದುಕೊಳ್ಳುತ್ತದೆ, ಬೆಲೆ ಮಾತ್ರ ಹೆಚ್ಚು. ಈ ವಿಚಾರಣೆಗೆಂದು ಮಲ್ಪೆಯ ಬಂದರಿನ ಕಡೆ ದೋಣಿ ದುರಸ್ತಿ ಮಾಡುವ ಹಿರಿಯರೊಬ್ಬರಲ್ಲಿಗೆ ಹೋದಾಗ ಅವರು ನನ್ನ ನಕ್ಷೆಯನ್ನು ಒಮ್ಮೆ ನೋಡಿ, "ಕಡಲ ಹತ್ತಿರ ನಿಮಗೆ ಕಬ್ಬಿಣದ ಹಟ ಎಂತಕ್ಕೆ ಮಾರಾಯ್ರೇ? ನಮ್ಮ ದೋಣಿ ನೀರಿನಲ್ಲೇ ಉಂಟಲ್ಲ" ಎಂದರು. ಪ್ಲೈವುಡ್ಡಿನ ಅಚ್ಚಿನ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರಾಳ ಬಳಿದು, ಮೂರು ಪದರಗಳ ಫೈಬರ್ ಪೆಟ್ಟಿಗೆಯನ್ನು ಅವರೇ ಎರಡು ದಿನಗಳಲ್ಲಿ ಮಾಡಿಕೊಟ್ಟರು. ಬೀಗ ಕಚ್ಚುವ ಚೌಕಟ್ಟು ಮತ್ತು ಕೀಲುಗಳು ಮಾತ್ರ 316 ಸ್ಟೀಲಿನವು. ತುಕ್ಕಿನ ಚಿಂತೆ ಹೋಯಿತು, ವೈಫೈ ಯಾವ ತೂತೂ ಇಲ್ಲದೆ ಹಾದುಹೋಯಿತು. ಪೆಟ್ಟಿಗೆಗೆ ಹನ್ನೊಂದು ಸಾವಿರ ರೂಪಾಯಿ, ಬೀಗ ಮತ್ತು ಎಲೆಕ್ಟ್ರಾನಿಕ್ಸಿಗೆ ನಾಲ್ಕು ಸಾವಿರದೊಳಗೆ ಖರ್ಚಾಯಿತು. ಹಾರೆ ಹಿಡಿದು ಬರುವವನನ್ನು ಇದು ತಡೆಯಲಾರದು, ಮೊದಲಿನದೂ ತಡೆಯುತ್ತಿರಲಿಲ್ಲ. ಈ ಸಲ ಬಾಗಿಲನ್ನು ಗೇಟಿನ ಒಳಮೂಲೆಯ ಅಡ್ಡಗೋಡೆಯಲ್ಲಿ, ಉತ್ತರಕ್ಕೆ ಮುಖಮಾಡಿ ಕೂರಿಸಿದೆವು.

ಕೋಡಿನ ವಿಷಯದಲ್ಲಿ ನಾನು ಮೊದಲು ಬಹಳ ಜಾಣತನ ತೋರಿದ್ದೆ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡು ನನ್ನ ಫೋನಿನಲ್ಲಿ ಮೂಡುತ್ತಿತ್ತು. ಅದನ್ನು ನಾನು ಹೇಳಿ, ಮಳೆಯ ಸದ್ದಿನಲ್ಲಿ ಆತ ಕೇಳಿಸಿಕೊಂಡು, ಒದ್ದೆ ಕೈಯಲ್ಲಿ ಒತ್ತಿ ಮುಗಿಸುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು. "ಅಣ್ಣಾರ, ನಂಬರ ಇನ್ನೊಮ್ಮೆ ಹೇಳ್ರಿ" ಎಂದು ಬಾಗಲಕೋಟೆಯ ಕಡೆಯ ಹುಡುಗನೊಬ್ಬ ನಾಲ್ಕನೆಯ ಸಲ ಕೇಳಿದಾಗ ಆ ಪದ್ಧತಿಗೆ ಕೊನೆ ಹಾಡಿದೆ. ಖಾಯಂ ಕೋಡೊಂದನ್ನು ವಿಳಾಸದ ಜೊತೆಗೇ ಬರೆಯುವುದು ಸುಲಭ, ಆದರೆ ಅದು ಪಾರ್ಸೆಲಿನ ಮೇಲೆ ಅಚ್ಚಾಗಿ ಗೋದಾಮಿನಿಂದ ಗೋದಾಮಿಗೆ ತಿರುಗುತ್ತದೆ.

ಈಗಿರುವುದು ಹಳೆಯ ಕಾಲದ ಉಪಾಯ. ನಾಲ್ಕಂಕಿಯ ಇಪ್ಪತ್ತು ಕೋಡುಗಳನ್ನು ಅಚ್ಚು ಹಾಕಿದ ಒಂದು ಹಾಳೆಯು ಸಿಟೌಟಿನ ಫೋನಿನ ಪಕ್ಕದಲ್ಲಿ ತೂಗುತ್ತದೆ, ಅವೇ ಕೋಡುಗಳು ಬೋರ್ಡಿನ ನೆನಪಿನಲ್ಲೂ ಇವೆ. ಹೇಗೂ ನಮ್ಮ ಊರಿನಲ್ಲಿ ಹುಡುಗರು ಗೇಟಿನಲ್ಲಿ ನಿಂತು ಫೋನ್ ಮಾಡಿಯೇ ಮಾಡುತ್ತಾರೆ. ಮನೆಗಳಿಗೆ ನಂಬರಿಗಿಂತ ಹೆಸರೇ ಗುರುತಾಗಿರುವಲ್ಲಿ ಬೇರೆ ದಾರಿಯಿಲ್ಲ. ವಿಳಾಸದಲ್ಲಿ ಅಮ್ಮನ ನಂಬರನ್ನೇ ಕೊಟ್ಟಿದ್ದೇವೆ. ಅವರು ಹಾಳೆಯಲ್ಲಿ ಮುಂದಿನ ಕೋಡನ್ನು ಓದಿ ಹೇಳಿ, ಪೆನ್ನಿನಿಂದ ಗೀಟು ಹಾಕುತ್ತಾರೆ. ಒಮ್ಮೆ ಬಳಸಿದ ಕೋಡು ಮತ್ತೆ ಕೆಲಸ ಮಾಡುವುದಿಲ್ಲ. ಇಪ್ಪತ್ತೂ ಕೋಡುಗಳು ಏಕಕಾಲದಲ್ಲಿ ಜೀವಂತವಿದ್ದರೆ ಹತ್ತು ಸಾವಿರದಲ್ಲಿ ಇಪ್ಪತ್ತು, ಅಂದರೆ ಐನೂರರಲ್ಲಿ ಒಂದು ಊಹೆ ಸರಿಯಾಗಬಹುದೆಂದು ತಡವಾಗಿ ಹೊಳೆಯಿತು. ಆದ್ದರಿಂದ ಮುಂದಿನ ಮೂರು ಕೋಡುಗಳಷ್ಟೇ ಚಾಲ್ತಿಯಲ್ಲಿರುತ್ತವೆ. ಮೂರು ಸಲ ತಪ್ಪಿದರೆ ಕೀಪ್ಯಾಡು ಹತ್ತು ನಿಮಿಷ ಮೌನವಾಗಿರುತ್ತದೆ. ಬಾಗಿಲಿನ ಮೇಲೆ ನಾನು ಮೊದಲು ಅಂಟಿಸಿದ್ದ ಹತ್ತು ಸಾಲಿನ ಸೂಚನೆಯನ್ನು ಯಾರೂ ಓದಿರಲಿಲ್ಲ. ಈಗ "ಕೋಡ್ ಒತ್ತಿ, ಒಳಗಿಡಿ, ಮುಚ್ಚಿ" ಎಂದು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದಿದೆ.

ಕಾಗದ ಮತ್ತು ಸಣ್ಣ ಲಕೋಟೆಗಳಿಗಾಗಿ ಮೇಲ್ಭಾಗದಲ್ಲಿ ಕೋಡೇ ಬೇಡದ ಕಿಂಡಿಯೊಂದಿದೆ. ದೇವಸ್ಥಾನದ ಕಾಣಿಕೆ ಡಬ್ಬಿಯ ಹಾಗೆ ಒಳಗೆ ಓರೆಯಾದ ತಗಡು ಇರುವುದರಿಂದ ಹಾಕಿದ್ದು ಕೆಳಗೆ ಜಾರುತ್ತದೆ, ಕೈ ಹಾಕಿದರೆ ಸಿಗುವುದಿಲ್ಲ. ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಿಂಡಿಯಿಂದಲೇ ಬೀಳುತ್ತವೆ ಎಂದರೆ, ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಬೇಕಿತ್ತೇ ಎಂದು ಹೆಂಡತಿ ಕೇಳುವುದರಲ್ಲಿ ನ್ಯಾಯವಿದೆ. ಕ್ಯಾಮೆರಾ ಹಾಕಲಿಲ್ಲ, ಅದು ನೋಡುವುದು ಎದುರುಮನೆಯ ಗೇಟನ್ನು.

ಪೆಟ್ಟಿಗೆಗೆ ಒಗ್ಗದ ವಸ್ತುಗಳೂ ಇವೆ. ಸಹಿ ಪಡೆದು ಕೊಡಬೇಕಾದ ಸ್ಪೀಡ್ ಪೋಸ್ಟನ್ನು ಅಂಚೆಯವರು ಪೆಟ್ಟಿಗೆಗೆ ಹಾಕಿ ಹೋಗುವಂತಿಲ್ಲ, ಹಾಕಲೂಬಾರದು. ಅಮ್ಮನ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಾದುದರಿಂದ ಅದನ್ನು ನಾನೇ ಔಷಧದಂಗಡಿಯಿಂದ ತರುತ್ತೇನೆ. ಏಪ್ರಿಲಿನಲ್ಲಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದಾಗ ಮಧ್ಯಾಹ್ನ 43 ಡಿಗ್ರಿ ತೋರಿಸಿತ್ತು.

ಕಳೆದ ಆಗಸ್ಟಿನಲ್ಲಿ ಪೆಟ್ಟಿಗೆಯ ತಳದಲ್ಲಿ ಮತ್ತೆ ಎರಡು ಬೆರಳು ನೀರು ಕಂಡಾಗ ಗ್ಯಾಸ್ಕೆಟ್ ಹೋಯಿತೆಂದೇ ತಿಳಿದೆ. ಟಾರ್ಚ್ ಹಿಡಿದು ಅಡಿಯಲ್ಲಿ ನೋಡಿದರೆ, ನೀರು ಬಸಿಯಲೆಂದು ಬಿಟ್ಟಿದ್ದ ಎರಡೂ ತೂತುಗಳನ್ನು ಕುಂಬಾರ ಹುಳುವೊಂದು ಮಣ್ಣು ಮೆತ್ತಿ ನೀಟಾಗಿ ಮುಚ್ಚಿತ್ತು. ಕಡ್ಡಿಯಿಂದ ಚುಚ್ಚಿ ತೆಗೆದು, ಸೊಳ್ಳೆ ಪರದೆಯ ಸ್ಟೀಲ್ ಜಾಲರಿಯ ತುಂಡನ್ನು ಒಳಗಿನಿಂದ ಅಂಟಿಸಿದ್ದೇನೆ. ಅಮ್ಮನ ಹಾಳೆಯಲ್ಲಿ ಈಗ ಆರು ಕೋಡುಗಳು ಉಳಿದಿವೆ. ದೀಪಾವಳಿಯ ಖರೀದಿ ಶುರುವಾಗುವ ಮೊದಲು ಹೊಸ ಹಾಳೆ ಅಚ್ಚು ಹಾಕಬೇಕು.