ಅಮೆರಿಕದ ಇತಿಹಾಸವನ್ನು 366 ಹಾಳೆಗಳಿಗೆ ಇಳಿಸಿದ ನನ್ನ ಅನುಭವ

ಅಮೆರಿಕದ ಇತಿಹಾಸವನ್ನು ದಿನಕ್ಕೊಂದು ಹಾಳೆಯಂತೆ ಕನ್ನಡದಲ್ಲಿ ಕೊಡುವ ನನ್ನ ಮೇಜಿನ ಕ್ಯಾಲೆಂಡರ್ ಈ ಸಲ ಒಂದು ಪ್ರತಿಯೂ ಉಳಿಯದಂತೆ ಖರ್ಚಾಯಿತು. ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದವರೆಗೆ ಕನ್ನಡ ಕೂಟಗಳ ಮನೆಗಳಿಗೆ ಸುಮಾರು 400 ಪ್ರತಿಗಳು ಹೋದವು. "ಈ ದೇಶದ ಚರಿತ್ರೆಯನ್ನು ಕನ್ನಡದಲ್ಲಿ ಓದುವವರು ಯಾರು, 366 ಹಾಳೆ ತುಂಬುವಷ್ಟು ಸರಕಾದರೂ ಎಲ್ಲಿದೆ" ಎಂದು ಕೇಳಿದ್ದ ಹಿರಿಯರೇ ಈಗ ಬಂಧುಗಳಿಗೆಂದು ಇನ್ನೊಂದು ಪ್ರತಿ ಕೇಳುತ್ತಿದ್ದಾರೆ. "ಇತಿಹಾಸದಲ್ಲಿ ಈ ದಿನ" ಅಂಕಣಗಳನ್ನು ಬರೆಯುವ ಗೆಳೆಯರಿಗೆ ಉಪಯೋಗವಾಗಲೆಂದು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸದ ಮೂಲಪಾಠಗಳು ನಿಮಗೆ ಗೊತ್ತೇ ಇರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ಮೊದಲ ಮುದ್ರಣ ನೆಲ ಕಚ್ಚಿತ್ತು. ಎಲ್ಲರೂ ಹೇಳಿದಂತೆ ಸಿದ್ಧಪಟ್ಟಿಗಳಿಂದ ಆಯ್ದು ಕನ್ನಡಕ್ಕೆ ತಂದಿದ್ದೆ. ಯುದ್ಧಗಳು, ಅಧ್ಯಕ್ಷರ ಹುಟ್ಟುಹಬ್ಬಗಳು, ಮತ್ತೆ ಯುದ್ಧಗಳು. ಮಾರ್ಚ್ ಹೊತ್ತಿಗೆ ಹಾಳೆ ತಿರುವುವುದನ್ನೇ ಜನ ಬಿಟ್ಟಿದ್ದರು. ವಾರದ ಹೆಸರನ್ನೂ ಅಚ್ಚು ಹಾಕಿಸಿದ್ದರಿಂದ ವರ್ಷ ತಿರುಗುತ್ತಲೇ ಉಳಿದ ಅರ್ಧ ಪ್ರತಿಗಳು ರದ್ದಿಯಾದವು. ಬೆಂಗಳೂರಿನಲ್ಲಿ ಪ್ರತಿಯೊಂದಕ್ಕೆ ಮುದ್ರಣದ ಖರ್ಚು 350 ರೂಪಾಯಿಯ ಆಸುಪಾಸು, ವಿಮಾನದಲ್ಲಿ ತರಿಸಲು ಹೆಚ್ಚುಕಡಿಮೆ ಅಷ್ಟೇ, ಇಲ್ಲಿನ ಅಂಚೆಗೆ ಮತ್ತೆ ಐದಾರು ಡಾಲರ್. ಎಲ್ಲ ಸೇರಿ ಸುಮಾರು 2,000 ಡಾಲರ್ ಕೈಬಿಟ್ಟಿತು.

ಎರಡನೆಯ ಸಲ ಪಟ್ಟಿಗಳನ್ನು ಬದಿಗಿಟ್ಟೆ. ಪ್ರಸಿದ್ಧವಾದ ದಿನವನ್ನು ಹುಡುಕುವ ಬದಲು, ಒಂದು ಘಟನೆ ಎಷ್ಟು ಹೆಜ್ಜೆಗಳಲ್ಲಿ ನಡೆಯಿತೆಂದು ನೋಡಿ, ಪ್ರತಿಯೊಂದು ಹೆಜ್ಜೆಯನ್ನೂ ಅದು ನಡೆದ ದಿನಕ್ಕೇ ಹಾಕಿದೆ. ಸ್ವಾತಂತ್ರ್ಯ ಘೋಷಣೆಯನ್ನೇ ತೆಗೆದುಕೊಳ್ಳಿ. ವಸಾಹತುಗಳ ಪ್ರತಿನಿಧಿಸಭೆಯಲ್ಲಿ ರಿಚರ್ಡ್ ಹೆನ್ರಿ ಲೀ ಸ್ವಾತಂತ್ರ್ಯದ ನಿರ್ಣಯ ಮಂಡಿಸಿದ್ದು 1776ರ ಜೂನ್ 7ರಂದು. ಬ್ರಿಟನ್ನಿನಿಂದ ಬೇರೆಯಾಗುವ ಮತ ಬಿದ್ದದ್ದು ಜುಲೈ 2ರಂದು. ಮುಂದಿನ ಪೀಳಿಗೆಗಳು ಆಚರಿಸುವುದು ಆ ದಿನವನ್ನೇ ಎಂದು ಜಾನ್ ಆಡಮ್ಸ್ ಮರುದಿನ ಪತ್ನಿಗೆ ಪತ್ರ ಬರೆದಿದ್ದರು. ಘೋಷಣೆಯ ಪಾಠಕ್ಕೆ ಒಪ್ಪಿಗೆ ದೊರೆತದ್ದು ಜುಲೈ 4ರಂದು, ಫಿಲಡೆಲ್ಫಿಯಾದಲ್ಲಿ ಅದನ್ನು ಬಹಿರಂಗವಾಗಿ ಓದಿದ್ದು 8ರಂದು. 9ರಂದು ನ್ಯೂಯಾರ್ಕಿನಲ್ಲಿ ಸೈನ್ಯದ ಮುಂದೆ ಓದಿದಾಗ ಜನ ಮೂರನೆಯ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಕೆಡವಿದರು. ಆ ಸೀಸ ಗುಂಡುಗಳಾಯಿತು. ಬಹುಪಾಲು ಪ್ರತಿನಿಧಿಗಳು ಸಹಿ ಹಾಕಿದ್ದು ಆಗಸ್ಟ್ 2ರಂದು. ಒಂದು ಹಾಳೆಗೆ ಮುಗಿಯುತ್ತಿದ್ದ ಸಂಗತಿ ಆರು ಹಾಳೆಗಳಾಯಿತು. 2026ರ ಜುಲೈ 4ಕ್ಕೆ 250 ವರ್ಷವೆಂದು ಊರೆಲ್ಲ ಬಾವುಟ ಏರಿಸುವಾಗ ನಮ್ಮ ಮಕ್ಕಳು ಇಷ್ಟೂ ದಿನಗಳ ಕಥೆಯನ್ನು ಹೇಳಬಲ್ಲರು ಎಂಬುದೇ ನನಗೆ ದೊಡ್ಡ ಹೆಮ್ಮೆ.

ಗುಲಾಮಗಿರಿಯ ಅಂತ್ಯವೂ ಹಾಗೆಯೇ. ಲಿಂಕನ್ನರ ವಿಮೋಚನಾ ಘೋಷಣೆ 1863ರ ಜನವರಿ 1ರದು. ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ ಜನರಲ್ ಗ್ರೇಂಜರ್ ಬಿಡುಗಡೆಯ ಆದೇಶ ಹೊರಡಿಸಿದ್ದು 1865ರ ಜೂನ್ 19ರಂದು. ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ ಹದಿಮೂರನೆಯ ತಿದ್ದುಪಡಿಗೆ ಸಾಕಷ್ಟು ರಾಜ್ಯಗಳ ಅನುಮೋದನೆ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರ್ 6ರಂದು. ಘೋಷಣೆಗೂ ಗ್ಯಾಲ್ವೆಸ್ಟನ್ನಿನ ಆದೇಶಕ್ಕೂ ನಡುವೆ ಎರಡೂವರೆ ವರ್ಷ ಸಂದಿತ್ತು. ಅದು ಕಣ್ಣಿಗೆ ಕಾಣಬೇಕಾದರೆ ಬೇರೆಬೇರೆ ಹಾಳೆಗಳೇ ಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ಆಗಸ್ಟ್ 18ರ ಹಾಳೆ. 1920ರಲ್ಲಿ ಮಹಿಳೆಯರ ಮತದಾನದ ತಿದ್ದುಪಡಿಗೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬೇಕಾಗಿತ್ತು; ಅದು ಟೆನ್ನೆಸ್ಸಿಯ ಶಾಸನಸಭೆಯ ಮುಂದಿತ್ತು. ಹ್ಯಾರಿ ಬರ್ನ್ ಎಂಬ 24 ವರ್ಷದ ಶಾಸಕ, ವಿರೋಧಿಗಳ ಗುರುತಾದ ಕೆಂಪು ಗುಲಾಬಿಯನ್ನು ಕೋಟಿಗೆ ಸಿಕ್ಕಿಸಿಕೊಂಡೇ ಕುಳಿತಿದ್ದ. ಜೇಬಿನಲ್ಲಿ ತಾಯಿಯ ಪತ್ರವಿತ್ತು, ತಿದ್ದುಪಡಿಯ ಪರವಾಗಿ ಮತ ಹಾಕೆಂದು. ಹೆಸರು ಕೂಗಿದಾಗ ಆತ ಪರವಾಗಿಯೇ ಹೇಳಿದ. ಈ ಹಾಳೆಯಲ್ಲಿ ಮತಗಳ ಲೆಕ್ಕ ಕೊಡದೆ ಗುಲಾಬಿಯನ್ನೂ ಪತ್ರವನ್ನೂ ಮಾತ್ರ ಕೊಟ್ಟೆ. ತಿದ್ದುಪಡಿ ಪ್ರಮಾಣಿತವಾದ ಆಗಸ್ಟ್ 26ಕ್ಕೆ ಪ್ರತ್ಯೇಕ ಹಾಳೆಯಿದೆ.

ಇಷ್ಟಾದರೂ ಬರಡು ದಿನಗಳು ಉಳಿಯುತ್ತವೆ. ರಾಜ್ಯಗಳು ಒಕ್ಕೂಟಕ್ಕೆ ಸೇರಿದ ದಿನಗಳು ಒಂದಷ್ಟನ್ನು ತುಂಬುತ್ತವೆ. ಉಳಿದವನ್ನು ತುಂಬಲು ನಾನು ಬಳಸುವ ಎರಡು ಬಗೆಯ ಸರ್ಕಾರಿ ಕಡತಗಳ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ, ಅವು ನನ್ನ ಮುಂದಿನ ಮುದ್ರಣದ ಬಂಡವಾಳ. ಫೆಬ್ರವರಿ 29ಕ್ಕೆ ಏನೂ ಸಿಗದೆಂದು ಪಂದ್ಯ ಕಟ್ಟಿದವರಿಗೆ, ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದದ್ದು 1940ರ ಆ ದಿನವೇ ಎಂದು ತೋರಿಸಿದೆ.

ವಾರದ ಹೆಸರನ್ನು ಕೈಬಿಟ್ಟದ್ದರಿಂದ ಕ್ಯಾಲೆಂಡರ್ ಯಾವ ವರ್ಷಕ್ಕೂ ಸಲ್ಲುತ್ತದೆ. ಆದರೆ ಸೋಮವಾರಕ್ಕೆ ಕಟ್ಟಿದ ರಜೆಗಳು ತೊಡಕು ತಂದವು. 1968ರ ಕಾಯ್ದೆಯ ಪ್ರಕಾರ ವಾಷಿಂಗ್ಟನ್ ಜನ್ಮದಿನದ ರಜೆ ಫೆಬ್ರವರಿಯ ಮೂರನೆಯ ಸೋಮವಾರ, ಅಂದರೆ 15ರಿಂದ 21ರೊಳಗೆ ಬೀಳುತ್ತದೆಯೇ ಹೊರತು ನಿಜವಾದ 22ಕ್ಕೆ ಎಂದೂ ಬೀಳುವುದಿಲ್ಲ. ನಾನು 22ನ್ನೇ ಉಳಿಸಿಕೊಂಡೆ. ಅವರು ಹುಟ್ಟಿದಾಗ ಜಾರಿಯಲ್ಲಿದ್ದ ಹಳೆಯ ಗಣನೆಯಂತೆ ಅದು ಫೆಬ್ರವರಿ 11 ಆಗಿತ್ತಾದ್ದರಿಂದ, 11ರ ಹಾಳೆಯಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗಣನೆ ಬದಲಾಗಿ 1752ರ ಸೆಪ್ಟೆಂಬರ್ 2ರ ಮರುದಿನವೇ 14 ಬಂದ ಕಥೆಯನ್ನು ಹೇಳಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪ್ರತಿ ಹಾಳೆಯ ಮೂಲೆಯಲ್ಲಿ ಭಾರತದ ವೇಳೆಯನ್ನು ಹಾಕಿದರೆ ಹೇಗೆ ಎಂದು. ಅಪೊಲೊ 11 ಚಂದ್ರನ ಮೇಲಿಳಿದದ್ದು ಇಲ್ಲಿನ ಪೂರ್ವ ಕರಾವಳಿಯಲ್ಲಿ 1969ರ ಜುಲೈ 20ರ ಸಂಜೆ 4.17ಕ್ಕೆ, ಭಾರತದಲ್ಲಿ ಆಗಲೇ 21ರ ನಸುಕಿನ 1.47. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ನಮ್ಮೂರುಗಳಲ್ಲಿ ಬೆಳಗಿನ 8.26. ಈ ಹಾಳೆ ತುಂಬ ಸೊಗಸಾಗಿ ಬಂತು, ಆದರೆ ಹಳೆಯ ಘಟನೆಗಳಿಗೆ ಗಂಟೆಯೇ ದಾಖಲಾಗಿರುವುದಿಲ್ಲವಾದ್ದರಿಂದ ಪ್ರಯೋಗವನ್ನು ಬೆರಳೆಣಿಕೆಯ ಹಾಳೆಗಳಿಗೆ ನಿಲ್ಲಿಸಿದೆ.

ಚಿತ್ರಗಳ ವಿಷಯದಲ್ಲಿ ಉಳಿತಾಯ ಬಹಳ. ಖಾಸಗಿ ಸಂಗ್ರಹವೊಂದು ಚಿತ್ರಕ್ಕೆ 150 ಡಾಲರಿನಷ್ಟು ಕೇಳಿತ್ತು. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳಿಗೆ ಇಲ್ಲಿ ಹಕ್ಕುಸ್ವಾಮ್ಯವಿಲ್ಲ. ರಾಷ್ಟ್ರೀಯ ದಾಖಲಾಗಾರ, ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ನಾಸಾ ಸಂಗ್ರಹಗಳಿಂದಲೇ ಬಹುತೇಕ ಕೆಲಸ ಮುಗಿಯಿತು. ಹಣ ಹೋದದ್ದು ಅಕ್ಷರ ಜೋಡಣೆಗೆ: ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದ ಪಠ್ಯವನ್ನು ಯೂನಿಕೋಡಿಗೆ ತಂದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ, ಕರಡು ತಿದ್ದಲು ಇಬ್ಬರಿಗೆ ಸಂಬಳ ಕೊಡಬೇಕಾಯಿತು.

ಮಾರಾಟವನ್ನು ಎತ್ತಿದ್ದು ನಮ್ಮವರ ಬದುಕಿಗೆ ತಾಗುವ ದಿನಗಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1942ರ ಅದೇ ದಿನ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು ಮನೆಮಠ ಬಿಟ್ಟು ಶಿಬಿರ ಸೇರಬೇಕಾಯಿತು. ಇವೆರಡನ್ನೂ ಒಂದೇ ಹಾಳೆಯಲ್ಲಿಟ್ಟೆ. 1946ರ ಜುಲೈ 2ರಂದು ಟ್ರೂಮನ್ ಸಹಿಯಿಂದ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, ವಲಸೆಗೆ ವರ್ಷಕ್ಕೆ 100 ಜನರ ಮಿತಿಯೊಡನೆ. 1964ರ ಅದೇ ಜುಲೈ 2ರಂದು ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಅವರೇ ಸಹಿ ಹಾಕಿದ ವಲಸೆ ಕಾಯ್ದೆಯ ನಂತರವೇ ನಮ್ಮ ಹೆಚ್ಚಿನ ಕುಟುಂಬಗಳು ಇಲ್ಲಿಗೆ ಬಂದದ್ದು.

ಬೆಲೆಯನ್ನು 18 ಡಾಲರಿಗೆ ಏರಿಸಿದ್ದರಿಂದ ಈ ಸಲ ಖರ್ಚೆಲ್ಲ ಕಳೆದು ಸಾವಿರ ಡಾಲರಿಗೆ ತುಸು ಕಡಿಮೆ ಉಳಿಯಿತು. ಹಳೆಯ ನಷ್ಟದ ಅರ್ಧದಷ್ಟೂ ತುಂಬಿಲ್ಲ. ಮುಂದಿನ ಮುದ್ರಣ 600 ಪ್ರತಿಗಳದು. ಇದನ್ನು ಹಡಗಿನಲ್ಲಿ ತರಿಸುವುದೆಂದು ನಿರ್ಧರಿಸಿರುವುದರಿಂದ ಹಾಳೆಗಳು ಜುಲೈ ಒಳಗೇ ಮುದ್ರಣಾಲಯ ಸೇರಬೇಕು, ನವೆಂಬರ್ ತಿಂಗಳ ಕರಡು ಮಾತ್ರ ಇನ್ನೂ ಬಾಕಿ ಇದೆ.