ಇಂಗ್ಲಿಷ್ ಬರೆಯುವಾಗ ನಾಮಪದವನ್ನು ಮೊದಲು ಇಡಿ

ಕನ್ನಡದಲ್ಲಿ ವಿವರಣೆ ಮೊದಲು, ನಾಮಪದ ಕೊನೆಗೆ: ‘ಮೇಜಿನ ಮೇಲಿರುವ ಪುಸ್ತಕ’. ಇಂಗ್ಲಿಷಿನಲ್ಲಿ ಇಂಥ ವಿವರಣೆ ನಾಮಪದದ ನಂತರ ಬರುತ್ತದೆ: ‘ದ ಬುಕ್ ಆನ್ ದ ಟೇಬಲ್’. ಹಾಗಾಗಿ ಕನ್ನಡ ವಾಕ್ಯದ ನಾಮಪದವನ್ನು ಮೊದಲು ಹುಡುಕಿ ಬರೆದುಕೊಳ್ಳಿ, ಆಮೇಲೆ ಉಳಿದದ್ದನ್ನು ಜೋಡಿಸಿ.

ನಿಜವಾದ ತೊಡಕು ‘ಬರೆದ’ ಎಂಬಂಥ ಪದಗಳಲ್ಲಿದೆ. ‘ಪತ್ರ ಬರೆದ ಹುಡುಗಿ’, ‘ನಿನ್ನೆ ಬರೆದ ಪತ್ರ’ ಎರಡಕ್ಕೂ ನಮಗೆ ಒಂದೇ ರೂಪ ಸಾಕು. ಇಂಗ್ಲಿಷಿಗೆ ಸಾಲದು. ನಾಮಪದವೇ ಕೆಲಸ ಮಾಡಿದ್ದರೆ ‘ದ ಗರ್ಲ್ ಹೂ ರೋಟ್ ದ ಲೆಟರ್’. ಕೆಲಸ ಅದರ ಮೇಲೆ ನಡೆದಿದ್ದರೆ ‘ದ ಲೆಟರ್ ರಿಟನ್ ಯೆಸ್ಟರ್‌ಡೇ’. ಕೆಲಸ ಇನ್ನೂ ನಡೆಯುತ್ತಿದ್ದರೆ ‘ದ ಗರ್ಲ್ ರೈಟಿಂಗ್ ದ ಲೆಟರ್’. ಮುಗಿದುಹೋದ ಒಂದು ಘಟನೆಗೆ ಈ ‘ಇಂಗ್’ ರೂಪ ಹೊಂದುವುದಿಲ್ಲ, ಅಲ್ಲಿ ‘ಹೂ’ ಅಥವಾ ‘ದ್ಯಾಟ್’ನಂಥ ಪದ ಬೇಕು.

‘ಸಮ್‌ಥಿಂಗ್’, ‘ಸಮ್‌ಒನ್’ ಜೊತೆ ಒಂಟಿ ವಿಶೇಷಣವೂ ನಂತರವೇ: ‘ಸಮ್‌ಥಿಂಗ್ ನ್ಯೂ’. ಕೆಲವು ಪದಗಳಿಗೆ ಜಾಗ ಬದಲಾದರೆ ಅರ್ಥವೇ ಬೇರೆ. ‘ದ ಮೆಂಬರ್ಸ್ ಪ್ರೆಸೆಂಟ್’ ಅಂದರೆ ಹಾಜರಿರುವ ಸದಸ್ಯರು, ‘ದ ಪ್ರೆಸೆಂಟ್ ಮೆಂಬರ್ಸ್’ ಅಂದರೆ ಈಗಿನ ಸದಸ್ಯರು.

‘ಕೂರಲು ಕುರ್ಚಿ’ ಎನ್ನುವಾಗ ಕೊನೆಯ ‘ಆನ್’ ಬಿಡಬೇಡಿ: ‘ಎ ಚೇರ್ ಟು ಸಿಟ್ ಆನ್’.

ಇನ್ನೊಂದು ಸಾಮಾನ್ಯ ತಪ್ಪು, ಕ್ರಿಯಾಪದವನ್ನು ಪಕ್ಕದ ಪದಕ್ಕೆ ಹೊಂದಿಸುವುದು. ‘ದ ಕೀಸ್ ಟು ದ ರೂಮ್’ ಆದಮೇಲೆ ‘ಆರ್’ ಬರಬೇಕು, ಏಕೆಂದರೆ ಕರ್ತೃ ‘ಕೀಸ್’. ಅನುಮಾನ ಬಂದರೆ ‘ಟು ದ ರೂಮ್’ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ.